ಚಿಕಾಗೋದಲ್ಲಿ ಎರಡು ದಿನ ಇದ್ರೆ ಏನೇನ್ ನೋಡ್ಬೋದು?

ಎರಡೇ ದಿನ ಅಂದ್ರೆ ಎಲ್ಲಾ ನೋಡೋಕಾಗಲ್ಲ, ನನ್ನ ಕೇಳಿದ್ರೆ ಮೊದಲು ನದಿ ಮೇಲಿನ ಆರ್ಕಿಟೆಕ್ಚರ್ ಬೋಟ್ ಟೂರ್ ಮಾಡಿ, ಸುಮಾರು ಒಂದೂವರೆ ಗಂಟೆ, ದುಡ್ಡು ಜಾಸ್ತಿನೇ ಆದ್ರೂ ಮೋಸ ಇಲ್ಲ. ಅಂದಹಾಗೆ ಈ ನದಿ ಮೊದಲು ಮಿಶಿಗನ್ ಸರೋವರಕ್ಕೆ ಹರೀತಿತ್ತಂತೆ, ಊರಿನ ಕೊಳೆಯೆಲ್ಲಾ ಕುಡಿಯೋ ನೀರಿಗೆ ಸೇರುತ್ತೆ ಅಂತ ಕಾಲುವೆ ತೋಡಿ 1900ರಲ್ಲಿ ಅದನ್ನ ಉಲ್ಟಾ ಹರಿಯೋ ಹಾಗೆ ಮಾಡಿಬಿಟ್ರು!

ಮಿಲೇನಿಯಂ ಪಾರ್ಕಲ್ಲಿರೋ 'ಬೀನ್' (ಹುರುಳಿಕಾಯಿ ಬೀಜದ ಆಕಾರದ, ಕನ್ನಡಿ ಥರ ಹೊಳೆಯೋ ದೊಡ್ಡ ಸ್ಟೀಲ್ ಶಿಲ್ಪ) ನೋಡೋಕೆ ಟಿಕೆಟ್ ಇಲ್ಲ. ನಮ್ಮ ಮುಂಬೈಲಿ ಹುಟ್ಟಿದ ಅನೀಶ್ ಕಪೂರ್ ಮಾಡಿದ್ದು. ಬೆಳಿಗ್ಗೆ ಬೇಗ ಹೋಗಿ, ಅದರ ಕೆಳಗೆ ನಿಂತು ತಲೆ ಎತ್ತಿದ್ರೆ ನಮ್ಮದೇ ಮುಖ ರಬ್ಬರ್ ಥರ ಎಳೆದ ಹಾಗೆ ಕಾಣುತ್ತೆ, ಮಕ್ಕಳಿದ್ರೆ ಅಲ್ಲಿಂದ ಏಳಿಸೋದೇ ಕಷ್ಟ. ಹತ್ತಿರದಲ್ಲೇ ಆರ್ಟ್ ಇನ್‌ಸ್ಟಿಟ್ಯೂಟ್ ಅನ್ನೋ ಕಲಾ ಮ್ಯೂಸಿಯಂ ಇದೆ. 1893ರಲ್ಲಿ ವಿವೇಕಾನಂದರು ಭಾಷಣ ಮಾಡಿದ್ದು ಇದೇ ಕಟ್ಟಡದಲ್ಲಿ, ನಮ್ಮೋರೇ ಎಷ್ಟೋ ಜನ ಗೊತ್ತಿಲ್ದೆ ಹೊರಗಿನ ಸಿಂಹದ ಮೂರ್ತಿ ಜೊತೆ ಸೆಲ್ಫಿ ತಗೊಂಡು ಹೋಗ್ತಾರೆ.

ವಿಲ್ಲಿಸ್ ಟವರಿನ 103ನೇ ಫ್ಲೋರಲ್ಲಿ ಗಾಜಿನ ಬಾಲ್ಕನಿ ಇದೆ, ಮೋಡ ಇದ್ರೆ ಮಾತ್ರ ಹತ್ತಬೇಡಿ, ಬರೀ ಬಿಳಿ ಕಾಣುತ್ತೆ. ಇಲ್ಲಿನ ಡೀಪ್ ಡಿಶ್ ಪಿಜ್ಜಾ (ಆಳದ ತಟ್ಟೇಲಿ ಮಾಡೋ ದಪ್ಪ ಪಿಜ್ಜಾ) ಬೇಯೋಕೆ ಅರ್ಧ ಗಂಟೆ ಮೇಲೇ ಬೇಕು, ಹೊಟ್ಟೆ ಪೂರ್ತಿ ಹಸಿಯೋಕೆ ಮುಂಚೆನೇ ಆರ್ಡರ್ ಮಾಡಿ. ಚಳಿಗಾಲದಲ್ಲಿ ಹೋಗೋದಾದ್ರೆ ಕಿವಿ ಮುಚ್ಚೋ ಟೋಪಿ ಮರೀಬೇಡಿ.