ಒಂದೇ ದೊಡ್ಡ ಚಿತ್ರದ ನಿರ್ದೇಶಕ

ಪ್ರಶ್ನೆ: ನಮ್ಮ ಚಿತ್ರಸಮಾಜದಲ್ಲಿ ಸ್ಕಾಟ್ಲೆಂಡಿನ ಜಾನ್ ಗ್ರಿಯರ್‌ಸನ್ ಅವರ ‘ಡ್ರಿಫ್ಟರ್ಸ್’ ಎಂಬ ಮೂಕಿಚಿತ್ರವನ್ನು ನೋಡಿದೆವು. ಆ ಬಳಿಕ ಅವರು ಹೆಚ್ಚು ಚಿತ್ರಗಳನ್ನು ನಿರ್ದೇಶಿಸಲಿಲ್ಲವಂತೆ. ಹಾಗಿದ್ದೂ ಅವರನ್ನು ದೊಡ್ಡ ನಿರ್ದೇಶಕರೆನ್ನುವುದು ಸರಿಯೇ?
— ಓದುಗರೊಬ್ಬರು, ಕುಂಬಳೆ

ಉತ್ತರ: ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಅವರ ಹಿರಿಮೆಯನ್ನು ಚಿತ್ರಗಳ ಸಂಖ್ಯೆಯಿಂದ ಅಳೆಯಲಾಗದು.

1898ರಲ್ಲಿ ಶಾಲಾ ಮಾಸ್ತರರ ಮಗನಾಗಿ ಹುಟ್ಟಿದ ಗ್ರಿಯರ್‌ಸನ್, ಮೊದಲ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದು, ಗ್ಲಾಸ್ಗೋದಲ್ಲಿ ತತ್ತ್ವಶಾಸ್ತ್ರ ಓದಿ, ಪತ್ರಿಕೆ ಮತ್ತು ಸಿನಿಮಾಗಳು ಜನಾಭಿಪ್ರಾಯವನ್ನು ರೂಪಿಸುವ ಬಗೆಯನ್ನು ಅರಿಯಲು ಅಮೆರಿಕಕ್ಕೆ ಹೋದವರು. ಊರಿಗೆ ಮರಳಿದ ಮೇಲೆ, ಸಾಮ್ರಾಜ್ಯದ ಸರಕುಗಳಿಗೆ ಪ್ರಚಾರ ಕೊಡುತ್ತಿದ್ದ ಬ್ರಿಟಿಷ್ ಸರಕಾರದ ‘ಎಂಪೈರ್ ಮಾರ್ಕೆಟಿಂಗ್ ಬೋರ್ಡ್’ ಸೇರಿ, 1929ರಲ್ಲಿ ಹೆರಿಂಗ್ ಮೀನುಗಾರರ ಕುರಿತ ಸಾಕ್ಷ್ಯಚಿತ್ರ ‘ಡ್ರಿಫ್ಟರ್ಸ್’ ತೆಗೆದರು. ವಸ್ತುವಿನ ಆಯ್ಕೆಯಲ್ಲೂ ಜಾಣತನವಿತ್ತು: ಹಣ ಮಂಜೂರು ಮಾಡಬೇಕಿದ್ದ ಖಜಾನೆಯ ಸಚಿವರು ಹೆರಿಂಗ್ ಮೀನಿನ ಕುರಿತು ಪುಸ್ತಕವನ್ನೇ ಬರೆದವರಾಗಿದ್ದರು.

ಹೆರಿಂಗ್ ಎಂದರೆ ನಮ್ಮ ಬೂತಾಯಿಯ ಕುಟುಂಬಕ್ಕೇ ಸೇರಿದ ಮೀನು. ಸಂಜೆ ಬಲೆ ಬಿಡುವುದು, ದೋಣಿಯ ಇಕ್ಕಟ್ಟಿನಲ್ಲಿ ನಿದ್ದೆಗೆ ಜಾರುವುದು, ಏಳುತ್ತಿರುವ ಗಾಳಿಯಲ್ಲಿ ಗಂಟೆಗಟ್ಟಲೆ ಬಲೆ ಎಳೆಯುವುದು, ಬಂದರಿಗೆ ಧಾವಿಸಿ ಮೀನು ಏಲಂ ಮಾಡುವುದು, ಇಷ್ಟೇ ಆ ಚಿತ್ರದ ಕತೆ. ಮಂಜೇಶ್ವರದ ಕಡಪ್ಪುರದಲ್ಲಿ ಇದನ್ನೆಲ್ಲ ದಿನವೂ ಕಾಣುವವರಿಗೆ ಇದರಲ್ಲೇನು ವಿಶೇಷ ಎನಿಸಬಹುದು. ಆದರೆ ದುಡಿಯುವವರನ್ನು ಹೆಚ್ಚಾಗಿ ಹಾಸ್ಯಪಾತ್ರಗಳನ್ನಾಗಿ ತೋರಿಸುತ್ತಿದ್ದ ಅಂದಿನ ಬ್ರಿಟಿಷ್ ತೆರೆಯ ಮೇಲೆ, ಒದ್ದೆ ಹಗ್ಗ ಎಳೆಯುವ ಕೈಗಳನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಅಷ್ಟು ಗೌರವದಿಂದ ತೋರಿಸಿದ್ದು ಹೊಸತಾಗಿತ್ತು. ಲಂಡನ್ನಿನ ಫಿಲ್ಮ್ ಸೊಸೈಟಿಯಲ್ಲಿ ಅದು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನರ ಹೆಸರಾಂತ ಚಿತ್ರ ‘ಬ್ಯಾಟಲ್‌ಶಿಪ್ ಪೊಟೆಮ್‌ಕಿನ್’ ಜೊತೆಗೇ ಪ್ರದರ್ಶನಗೊಂಡು ಮೆಚ್ಚುಗೆ ಗಳಿಸಿತು.

ಇಷ್ಟು ಹೆಸರು ಬಂದ ಮೇಲೆ ಬೇರೆಯವರಾಗಿದ್ದರೆ ಇನ್ನೊಂದು ಚಿತ್ರಕ್ಕೆ ಕೈಹಾಕುತ್ತಿದ್ದರು. ಗ್ರಿಯರ್‌ಸನ್ 1934ರ ‘ಗ್ರಾಂಟನ್ ಟ್ರಾಲರ್’ನಂತಹ ಕಿರುಚಿತ್ರ ಮಾಡಿದರಾದರೂ, ತಮ್ಮ ಶಕ್ತಿಯನ್ನೆಲ್ಲ ಎಳೆಯರನ್ನು ಒಟ್ಟುಗೂಡಿಸಿ, ಅವರಿಗೆ ಸರಕಾರದ ಹಣವನ್ನೂ ಕೆಲಸದ ಸ್ವಾತಂತ್ರ್ಯವನ್ನೂ ದೊರಕಿಸಿಕೊಡುವುದಕ್ಕೆ ವಿನಿಯೋಗಿಸಿದರು. ಈ ನಿರ್ಧಾರವೇ ಅವರ ವೃತ್ತಿಜೀವನದ ತಿರುಳೆಂದು ನಾನು ತಿಳಿಯುತ್ತೇನೆ. 1933ರಲ್ಲಿ ಎಂಪೈರ್ ಮಾರ್ಕೆಟಿಂಗ್ ಬೋರ್ಡು ಮುಚ್ಚಿದಾಗ ಅಲ್ಲಿನ ತಂಡವನ್ನು ಚದುರಲು ಬಿಡದೆ ಅಂಚೆ ಇಲಾಖೆಯ ಚಿತ್ರ ವಿಭಾಗಕ್ಕೆ ಕರೆದೊಯ್ದರು. ಬೆಸಿಲ್ ರೈಟ್, ಹ್ಯಾರಿ ವಾಟ್ ಮೊದಲಾದವರು ಬೆಳೆದದ್ದು ಅಲ್ಲಿಯೇ. ಸರಕಾರದ ಹಣದಿಂದ ತೆಗೆದ ಚಿತ್ರಗಳಿಗೆ ಸರಕಾರವನ್ನು ಗಟ್ಟಿಯಾಗಿ ಪ್ರಶ್ನಿಸಲಾಗದ ಮಿತಿಯಿತ್ತೆಂಬ ಟೀಕೆಯಲ್ಲಿ ಹುರುಳಿದೆ. ಆದರೂ ಆ ಹಣವಿಲ್ಲದಿದ್ದರೆ ಆ ತಂಡವೇ ಇರುತ್ತಿರಲಿಲ್ಲ.

1939ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ಮೊದಲ ಮುಖ್ಯಸ್ಥರಾಗಿ 1945ರವರೆಗೆ ಅದನ್ನು ಕಟ್ಟಿದರು. 1957ರಿಂದ ಸ್ಕಾಟಿಷ್ ಟೆಲಿವಿಷನ್ನಿನಲ್ಲಿ ಸಾಕ್ಷ್ಯಚಿತ್ರಗಳನ್ನು ಪರಿಚಯಿಸುವ ಕಾರ್ಯಕ್ರಮ ನಡೆಸಿದರು. 1972ರಲ್ಲಿ ತೀರಿಕೊಂಡರು.

ತಮ್ಮ ಚಿತ್ರಸಮಾಜದವರು ಮುಂದೆ 1936ರ ‘ನೈಟ್ ಮೇಲ್’ ನೋಡಬೇಕೆಂದು ವಿನಂತಿ. ವಾಟ್ ಮತ್ತು ರೈಟ್ ನಿರ್ದೇಶಿಸಿದ ಈ ಟಪಾಲು ರೈಲಿನ ಚಿತ್ರಕ್ಕೆ ಕವಿ ಆಡೆನ್ ಪದ್ಯ ಬರೆದರು, ಬೆಂಜಮಿನ್ ಬ್ರಿಟನ್ ಸಂಗೀತ ನೀಡಿದರು. ಇವರನ್ನೆಲ್ಲ ಒಂದೇ ಕೆಲಸಕ್ಕೆ ಕೂಡಿಸಿದ್ದು ಗ್ರಿಯರ್‌ಸನ್ ಕಟ್ಟಿದ ಆ ಅಂಚೆ ಇಲಾಖೆಯ ತಂಡ.