ಹರ್ನಿಯಾ ಆಪರೇಷನ್ ನಂತರದ ಜೋಮು: ನರ ಕತ್ತರಿಸಿಬಿಟ್ಟರಾ?

ತಂದೆಯವರಿಗೆ ಹರ್ನಿಯಾ ಆಪರೇಷನ್ ಆಗಿ 2 ತಿಂಗಳಾದರೂ ತೊಡೆಸಂದಿಯ ಜೋಮು ಹೋಗಿಲ್ಲ, ಡಾಕ್ಟರ್ ನರ ಕತ್ತರಿಸಿಬಿಟ್ಟರಾ ಅಂತ ಕೇಳಿದ್ದೀರಿ. ಬರೀ ಜೋಮು ನೋಡಿ ಹಾಗೆ ಹೇಳಲು ಬರುವುದಿಲ್ಲ.

ಅಲ್ಲಿ ಮುಖ್ಯವಾಗಿ ಮೂರು ನರಗಳಿವೆ: ಇಲಿಯೋಇಂಗ್ವಿನಲ್, ಇಲಿಯೋಹೈಪೋಗ್ಯಾಸ್ಟ್ರಿಕ್, ಜೆನಿಟೋಫೆಮೊರಲ್‌ನ ಒಂದು ಕವಲು. ಪುಸ್ತಕದ ಚಿತ್ರದಲ್ಲಿ ಅಚ್ಚುಕಟ್ಟಾಗಿ ಕಾಣುತ್ತವೆ. ಕೊಯ್ದು ನೋಡಿದರೆ ಕತೆಯೇ ಬೇರೆ. ಇಲಿಯೋಇಂಗ್ವಿನಲ್ ಸಾಮಾನ್ಯವಾಗಿ ವೃಷಣಕ್ಕೆ ಇಳಿಯುವ ಹುರಿಯ ಮೇಲೆ ಬಿಳಿ ದಾರದ ಹಾಗೆ ಮಲಗಿರುತ್ತದೆ. ಕೆಲವರಲ್ಲಿ ಹುರಿಯ ಹಿಂದೆ ಅಡಗಿರುತ್ತದೆ, ಕೆಲವರಲ್ಲಿ ಪಕ್ಕದ ನರದ ಜೊತೆ ಕೂಡಿಕೊಂಡಿರುತ್ತದೆ, ಇನ್ನು ಕೆಲವರಲ್ಲಿ ಕಾಣುವುದೇ ಇಲ್ಲ. ಒಬ್ಬರದೇ ಎಡ, ಬಲ ಕೂಡ ಒಂದೇ ತರ ಇರಬೇಕಂತಿಲ್ಲ. ಅದಕ್ಕೇ ಮೆಶ್ (ಹರ್ನಿಯಾ ಜಾಗಕ್ಕೆ ಆಸರೆಯಾಗಿ ಇಡುವ ಬಲೆ) ಹೊಲಿಯುವ ಮುಂಚೆ ಮೂರನ್ನೂ ಹುಡುಕಿ ನೋಡಬೇಕು ಅನ್ನುವುದು. ನರ ಹೊಲಿಗೆಗೆ ಸಿಕ್ಕಿಕೊಂಡರೆ ವರ್ಷಗಟ್ಟಲೆ ನೋವು. ಮೆಶ್‌ಗೆ ಅಡ್ಡ ಬಂದ ನರವನ್ನು ಬೇಕೆಂದೇ ಕತ್ತರಿಸುವುದೂ ಉಂಟು: ಜೋಮು ಉಳಿದರೂ ಪರವಾಗಿಲ್ಲ, ನೋವು ಬೇಡ ಅನ್ನೋ ಲೆಕ್ಕ.

ಬರೀ ಜೋಮಾದರೆ ಸ್ವಲ್ಪ ಕಾಯಬಹುದು, ಎಷ್ಟೋ ಜನರಿಗೆ ತಾನಾಗೇ ಕಡಿಮೆಯಾಗುತ್ತದೆ. ಕರೆಂಟ್ ಹೊಡೆದ ಹಾಗೆ ನೋವು ತೊಡೆಗೋ ವೃಷಣಕ್ಕೋ ಹರಿದರೆ ಸುಮ್ನೆ ಕೂರಬೇಡಿ, ಸರ್ಜನ್‌ಗೆ ತೋರಿಸಿ. ಹೋಗುವಾಗ ಆಪರೇಷನ್ ನೋಟ್ಸ್ ಕೇಳಿ ಪಡೆಯಿರಿ. ಯಾವ ನರ ಕಂಡಿತು, ಉಳಿಸಿದರಾ ಇಲ್ಲವಾ ಅಂತ ಬರೆದಿರಬೇಕಾದ ಜಾಗ ಅದೇ.