ಕಳೆದ ಒಂದು ವರ್ಷದ ಸೈಕಲ್ ಸವಾರಿಗಳಲ್ಲಿ ತೆಗೆದ ಚಿತ್ರಗಳ ಪೈಕಿ ನಿಮಗೆ ಅತ್ಯಂತ ಇಷ್ಟವಾದದ್ದು ಯಾವುದು, ಯಾಕೆ?

ಒಂದೇ ಚಿತ್ರ ಕೇಳಿದ್ದೀರಿ. ಮೊಬೈಲಿನಲ್ಲಿ ತುಂಬಿಕೊಂಡಿರುವುದನ್ನು ನೋಡಿದರೆ ಒಂದಕ್ಕೆ ನಿಲ್ಲಿಸುವುದು ಕಷ್ಟ. ಹಾಗಾಗಿ ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಂಡೆ: ಕಾರಿನಲ್ಲಿ ಹೋಗಿದ್ದರೂ ಈ ಚಿತ್ರ ಸಿಗುತ್ತಿತ್ತೇ? ಸಿಗುತ್ತಿತ್ತು ಎಂದಾದರೆ ಅದು ಪ್ರವಾಸದ ಚಿತ್ರ, ಸವಾರಿಯದ್ದಲ್ಲ.

ಈ ಪ್ರಶ್ನೆಗೆ ಮೊದಲು ಉದುರಿಹೋದದ್ದು ನಂದಿ ಬೆಟ್ಟ. ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರಿಗೆ ಅದು ಹರಕೆಯ ಕ್ಷೇತ್ರವಿದ್ದ ಹಾಗೆ. ಊರಿನಿಂದ ಸುಮಾರು 60 ಕಿಲೋಮೀಟರ್, ತಪ್ಪಲಿನಿಂದ ಮೇಲಕ್ಕೆ ಸುಮಾರು 8 ಕಿಲೋಮೀಟರ್ ಏರು, ತುದಿಯಲ್ಲಿ 1,478 ಮೀಟರ್ ಎತ್ತರ. ಹತ್ತುವಾಗ ಬಂದ ಏದುಸಿರು ಮಾತ್ರ ಚಿತ್ರದಲ್ಲಿ ಎಲ್ಲಿಯೂ ಇರುವುದಿಲ್ಲ. ಮೋಡದ ಮೇಲೆ ಸೂರ್ಯ, ಪಕ್ಕದಲ್ಲಿ ಒರಗಿಸಿಟ್ಟ ಸೈಕಲ್. ಪಕ್ಕದವರ ಮೊಬೈಲಿನಲ್ಲಿಯೂ ಅದೇ ಸೂರ್ಯ, ಅದೇ ಮೋಡ. ಸೈಕಲನ್ನು ನಿಲ್ಲಿಸುವುದಕ್ಕೂ ನಮ್ಮವರಲ್ಲಿ ಮಡಿ ಇದೆ: ಚೈನ್ ಇರುವ ಮಗ್ಗುಲೇ ಕ್ಯಾಮೆರಾಕ್ಕೆ ಕಾಣಬೇಕು, ಪೆಡಲ್ ಇಂಥ ಕೋನದಲ್ಲಿಯೇ ಇರಬೇಕು, ಕೆಲವರಿಗೆ ಟೈರಿನ ಮೇಲಿನ ಹೆಸರು ಕೂಡ ನೇರವಾಗಿ ಓದಲು ಬರಬೇಕು. ಇದನ್ನೆಲ್ಲ ಹೊಂದಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಮರವಂತೆಯದ್ದು ಅರ್ಧ ಉಳಿಯಿತು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೊಳೆಯ ಆಚೆ, ದೂರದಲ್ಲಿ ಕೊಡಚಾದ್ರಿ. ಎರಡೂ ನೀರು ಒಟ್ಟಿಗೆ ಕಾಣುವ ಪ್ರಸಿದ್ಧ ಚಿತ್ರಗಳೆಲ್ಲ ಮೇಲಿನಿಂದ ತೆಗೆದವು. ಸೈಕಲ್ ಸೀಟಿನ ಮೇಲೆ ಕುಳಿತವನಿಗೆ ಒಮ್ಮೆಗೆ ಒಂದೇ ಸಿಗುತ್ತದೆ. ಆದರೆ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಬೀಸುವ ಗಾಳಿ ಕಾರಿನವರಿಗೆ ಗೊತ್ತೇ ಆಗುವುದಿಲ್ಲ. ನನ್ನ ಚಿತ್ರದಲ್ಲಿ ಸಮುದ್ರ ಒಂದು ಗೆರೆಯಷ್ಟಿದೆ. ಮುಂದೆ ಹೋಗುತ್ತಿರುವ ಗೆಳೆಯ ಗಾಳಿಗೆ ಎದುರಾಗಿ ಓರೆಯಾಗಿದ್ದಾನೆ, ಅವನ ಅಂಗಿ ಹೊಳೆಯ ಕಡೆಗೆ ಉಬ್ಬಿ ನಿಂತಿದೆ. ತಾಣದ ಅಂದಕ್ಕಿಂತ ಆ ಅಂಗಿ ನನಗೆ ಇಷ್ಟ.

ಆಗುಂಬೆ ಘಾಟಿಯದ್ದನ್ನು ಯಾರಿಗೆ ತೋರಿಸಿದರೂ ಮುಖ ಸಿಂಡರಿಸುತ್ತಾರೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು. ಅಲ್ಲಿಂದ ಸೋಮೇಶ್ವರಕ್ಕೆ 14 ತಿರುವುಗಳನ್ನು ಮಳೆಯಲ್ಲಿ ಇಳಿದರೆ ರಿಮ್ ಹಿಡಿಯುವ ಬ್ರೇಕಿನ ಕಥೆ ಏನಾಗುತ್ತದೆ ಎಂಬುದಕ್ಕೆ ಆ ಚಿತ್ರ ಸಾಕ್ಷಿ. ಚಕ್ರದ ಮೊದಲ ಒಂದೆರಡು ಸುತ್ತು ರಿಮ್ ಮೇಲಿನ ನೀರನ್ನು ಒರೆಸುವುದಕ್ಕೇ ಹೋಗುತ್ತದೆ, ಆಮೇಲೆ ಬ್ರೇಕ್ ಹಿಡಿಯುತ್ತದೆ. ರಸ್ತೆಯ ಮರಳು, ರಬ್ಬರು, ಅಲ್ಯೂಮಿನಿಯಂ ಪುಡಿ ಎಲ್ಲ ಸೇರಿ ಬೂದುಬಣ್ಣದ ರಾಡಿಯಾಗಿ ಫೋರ್ಕಿನ ಮೇಲಿನಿಂದ ಇಳಿಯುತ್ತದೆ. ಚಿತ್ರದಲ್ಲಿ ಇರುವುದು ಅದೇ ರಾಡಿ, ಅದರ ಹಿಂದೆ ಮಂಜು. ಡಿಸ್ಕ್ ಬ್ರೇಕ್ ಯಾಕೆ ಬೇಕು ಎಂದು ಕೇಳುವವರಿಗೆ ಮಾತಿಲ್ಲದೆ ಕಳುಹಿಸುತ್ತೇನೆ.

ಬ್ರೆವೆಯಲ್ಲಿ, ಅಂದರೆ ಗೊತ್ತುಮಾಡಿದ ದೂರವನ್ನು ಗೊತ್ತುಮಾಡಿದ ಸಮಯದೊಳಗೆ ತುಳಿದು ಮುಗಿಸಬೇಕಾದ ದೂರದ ಸವಾರಿಯಲ್ಲಿ, ತೆಗೆದ ಚಿತ್ರಗಳನ್ನು ಪಟ್ಟಿಗೆ ಸೇರಿಸಲಿಲ್ಲ. 300 ಕಿಲೋಮೀಟರನ್ನು 20 ಗಂಟೆಯೊಳಗೆ ಮುಗಿಸಬೇಕಾದವನಿಗೆ ಚಿತ್ರವೆಂದರೆ ಢಾಬಾದ ಬಿಲ್ಲು ಅಥವಾ ಎಟಿಎಂ ಚೀಟಿ, ಅಂದರೆ ಇಷ್ಟು ಹೊತ್ತಿಗೆ ಇಲ್ಲಿದ್ದೆ ಎಂಬ ಪುರಾವೆ. ಶಿರಾ ಕಡೆಯ ಹೆದ್ದಾರಿಯಲ್ಲಿ ರಾತ್ರಿ ತೆಗೆದವುಗಳಲ್ಲಿ ಕಾಣುವುದು ಪ್ರತಿಫಲಿಸುವ ಜಾಕೆಟ್ಟಿನ ಪಟ್ಟಿಗಳು ಮಾತ್ರ, ಒಳಗಿರುವ ಮನುಷ್ಯ ಯಾರಾದರೂ ಆಗಿರಬಹುದು.

ಇನ್ನು ನಿಜಕ್ಕೂ ನನ್ನ ಪ್ರಶ್ನೆಯನ್ನು ಗೆದ್ದವು ಎರಡು.

ಮೊದಲನೆಯದು ಕೈವಾರದಿಂದ ಚಿಂತಾಮಣಿ ಕಡೆಗಿನ ಹಳ್ಳಿ ರಸ್ತೆಯದ್ದು. ಸಂಕ್ರಾಂತಿಯ ಆಸುಪಾಸು. ಆ ಕಡೆ ಹುರುಳಿ ಕಿತ್ತ ಮೇಲೆ ಗಿಡಗಳನ್ನು ಡಾಂಬರಿನ ಮೇಲೆ ಉದ್ದಕ್ಕೂ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರ್ ಹಾದುಹೋದಂತೆ ಒಕ್ಕಣೆ ತಾನಾಗಿ ನಡೆಯುತ್ತದೆ. ರಸ್ತೆಯಲ್ಲಿ ಹೀಗೆ ಒಕ್ಕಬಾರದು ಎಂಬುದು ಅವರಿಗೂ ಗೊತ್ತು, ಹೊಲದ ಕಣಗಳೆಲ್ಲ ಎಲ್ಲಿ ಹೋದವು ಎಂಬುದು ಬೇರೆ ಪ್ರಶ್ನೆ. ದ್ವಿಚಕ್ರದವರಿಗೆ ಅದು ಅಪಾಯ, ಸೈಕಲ್ಲಿಗಂತೂ ಶನಿ. ಬಳ್ಳಿ ಹಿಂದಿನ ಚಕ್ರದ ಗೇರಿನ ಹಲ್ಲುಗಳ ನಡುವೆ ಸೇರಿ ಸುತ್ತಿಕೊಂಡು ಬಿಗಿದು ಕೂರುತ್ತದೆ, ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಇಳಿದು ಬೆರಳಿನಿಂದ ಒಂದೊಂದೇ ಎಳೆ ಬಿಡಿಸುತ್ತಿದ್ದೆ. ಮೊರದಲ್ಲಿ ಹೊಟ್ಟು ತೂರುತ್ತಿದ್ದ ಅಜ್ಜಿ ಹತ್ತಿರ ಬಂದು ನೋಡಿ, "ಬಸ್ಸು ಹೋದರೆ ನಾಲ್ಕು ಸೇರು ಕಾಳು ಉದುರುತ್ತದೆ. ನಿನ್ನ ಗಾಡಿಯಿಂದ ಏನು ಉಪಯೋಗವಪ್ಪ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರ ತೆಗೆಯಲೇ ಅಜ್ಜಿ ಎಂದು ಕೇಳಿದ್ದಕ್ಕೆ, ತನ್ನದು ಬೇಡ, ಹುರುಳಿಯದ್ದು ಬೇಕಾದರೆ ತೆಗೆದುಕೋ ಎಂದರು. ಹಾಗಾಗಿ ಚಿತ್ರದಲ್ಲಿ ಇರುವುದು ಗೇರಿನ ಹಲ್ಲುಗಳಿಗೆ ಸಿಕ್ಕಿದ ಒಣ ಬಳ್ಳಿ, ಚೈನಿನ ಎಣ್ಣೆಗೆ ಅಂಟಿಕೊಂಡ ಕಂದು ಕಾಳುಗಳು, ಹಿಂದೆ ಮಸುಕಾಗಿ ಮೊರದಿಂದ ಹಾರುತ್ತಿರುವ ಹೊಟ್ಟು. ಕಾರಿನವರು ಆ ಹುರುಳಿಯ ಮೇಲೆ ಕಿಟಕಿ ಏರಿಸಿಕೊಂಡು ಹೋಗುತ್ತಿದ್ದರು.

ಎರಡನೆಯದೇ ನಿಮ್ಮ ಪ್ರಶ್ನೆಗೆ ನನ್ನ ಉತ್ತರ. ಅದರಲ್ಲಿ ನನ್ನ ಸೈಕಲ್ ಇಲ್ಲ.

ಗೌರಿಬಿದನೂರಿನ ಕಡೆ ಒಂದು ಚಹಾ ಅಂಗಡಿಯ ಎದುರು ನಿಂತಿದ್ದೆವು. ಸೀಮೆಹುಲ್ಲಿನ ಹೊರೆಯೊಂದು ತಾನೇ ಉರುಳಿಕೊಂಡು ಬರುತ್ತಿದೆಯೇನೋ ಎನಿಸುವಂತೆ ಒಬ್ಬರು ಸೈಕಲ್ ತಳ್ಳಿಕೊಂಡು ಬಂದರು. ಹೊರೆಯನ್ನು ಕ್ಯಾರಿಯರಿಗೆ ಹಳೆಯ ಟ್ಯೂಬಿನಿಂದ ಬಿಗಿದಿದ್ದರು. ಸೈಕಲ್ ಯಾವುದು ಎಂದು ಕಂಡ ಕೂಡಲೇ ಗುರುತು ಸಿಕ್ಕಿತು: ಸರಕಾರಿ ಸೈಕಲ್. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದದ್ದು. ನಮ್ಮ ನಾಡಿನ ಎಷ್ಟೋ ಹೆಣ್ಣುಮಕ್ಕಳು ತಮ್ಮದೇ ಎನ್ನುವ ಮೊದಲ ಗಾಡಿ ಏರಿದ್ದು ಅದರಲ್ಲಿಯೇ. ಈಗ ಆ ಸೈಕಲ್ಲುಗಳೆಲ್ಲ ಏನಾಗಿವೆ ಎಂದು ನೋಡಬೇಕಿದ್ದರೆ ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕು. ಹುಲ್ಲು, ಹಾಲಿನ ಕ್ಯಾನು, ಸಿಮೆಂಟ್ ಚೀಲ ಹೊರುತ್ತಿವೆ. ಇದರ ಸೀಟಿಗೆ ಗೋಣಿ ಸುತ್ತಿತ್ತು, ಒಂದು ಪೆಡಲಿನಲ್ಲಿ ಉಳಿದಿದ್ದದ್ದು ನಡುವಿನ ಕಡ್ಡಿ ಮಾತ್ರ, ಹಿಂದಿನ ಮಡ್‌ಗಾರ್ಡಿಗೆ ತಂತಿಯ ಹೊಲಿಗೆ ಬಿದ್ದಿತ್ತು. ನಮ್ಮ ಸೈಕಲ್ಲುಗಳ ಬೆಲೆ ಕೇಳಿ ಅವರು ನಗಲಿಲ್ಲ, ಬೈಯಲೂ ಇಲ್ಲ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದರಲ್ಲಿ ಹೊರೆ ಎಲ್ಲಿ ಕಟ್ಟುತ್ತೀರಿ ಸಾರ್?" ಎಂದು ಮಾತ್ರ ಕೇಳಿದರು.

ಚಿತ್ರಕ್ಕೆ ಒಪ್ಪಿದರು. ಕ್ಯಾಮೆರಾ ನೋಡದೆ ಹ್ಯಾಂಡಲ್ ಹಿಡಿದು ನೆಟ್ಟಗೆ ನಿಂತರು. ಬೆಳಗಿನ ಬಿಸಿಲು ಪಕ್ಕದಿಂದ ಬೀಳುತ್ತಿದ್ದುದರಿಂದ ಹುಲ್ಲಿನ ಒಂದೊಂದು ಎಸಳೂ ಬಿಡಿಬಿಡಿಯಾಗಿ ಬಂದಿದೆ. ನೀವೂ ಚಿತ್ರ ತೆಗೆಯುವವರಾದರೆ ಒಂದು ಮಾತು: ಬಿಸಿಲು ಬೆನ್ನ ಹಿಂದಿರಲಿ ಎಂಬ ಹಳೆಯ ಬುದ್ಧಿವಾದವನ್ನು ಸವಾರಿಯ ಚಿತ್ರಕ್ಕೆ ಹಚ್ಚಬೇಡಿ, ಪಕ್ಕದ ಬೆಳಕೇ ಒಳ್ಳೆಯದು. ಮೊಬೈಲನ್ನು ಬೆನ್ನ ಜೇಬಿನಲ್ಲಿ ಇಡುವವರು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಇಲ್ಲದಿದ್ದರೆ ಬೆವರಿನ ಆವಿ ಲೆನ್ಸಿಗೆ ಕೂತು ಎಲ್ಲ ಚಿತ್ರವೂ ಆಗುಂಬೆಯದ್ದೇ ಆಗಿಬಿಡುತ್ತದೆ.

ಚಿತ್ರವನ್ನು ಮಗಳ ನಂಬರಿಗೆ ಕಳುಹಿಸಿ ಎಂದರು. ಆಕೆ ಬೆಂಗಳೂರಿನಲ್ಲಿ ನರ್ಸ್ ಅಂತೆ. ಕಳುಹಿಸಿ, ನಿಮ್ಮ ತಂದೆಯವರು ಎಂದು ಬರೆದೆ. ಸಂಜೆ ಉತ್ತರ ಬಂತು: "ಸೈಕಲ್ ನನ್ನದು ಸಾರ್. ಅದರ ಬೆಲ್ ಎಲ್ಲಿ ಹೋಯಿತು ಎಂದು ಅಪ್ಪನನ್ನು ಕೇಳಬೇಕಿತ್ತು ನೀವು."